ತೂಕದ ಚಾರ್ಟಿನಲ್ಲಿದ್ದ ಕಣ್ಣಿನ ಕಥೆ: 29 ವಾರಕ್ಕೆ ಹುಟ್ಟಿದ ಮಗುವಿನ ಒಂದು ಪ್ರಕರಣ

ಮಗು ಹುಟ್ಟಿದ್ದು ಮಾರ್ಚ್ ಕೊನೆಯ ವಾರ. ಮೂಡಿಗೆರೆ ಕಡೆಯ ತೋಟಗಳಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿದ್ದ ದಿನಗಳು. ತಾಯಿ ಕಾರ್ಡಿನಲ್ಲಿ ಹೆರಿಗೆ ದಿನ ಜೂನ್ ಎರಡನೇ ವಾರಕ್ಕೆ ಅಂತ ಬರೆದಿತ್ತು. ಆದರೆ 29 ವಾರಕ್ಕೇ ರಾತ್ರೋರಾತ್ರಿ ನೀರು ಹೋಯಿತು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ಗಂಡು ಮಗು, 1080 ಗ್ರಾಂ. ಬೆಳಗಾಗುವ ಮೊದಲೇ ಆಂಬುಲೆನ್ಸ್ ಬೇಲೂರು ದಾಟಿ ಹಾಸನದ ಒಂದು ಶಿಶು ಘಟಕದ ಮುಂದೆ ನಿಂತಿತ್ತು.

ತಂದೆ ತಾಯಿ ಇಬ್ಬರೂ ತೋಟದ ಲೈನ್ ಮನೆಯಲ್ಲಿ ಇರುವವರು. ಹೆಸರು, ತೋಟ, ವರ್ಷ ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. "ಇನ್ನೊಂದು ಮಗೂಗೆ ಅನುಕೂಲ ಆಗೋದಾದ್ರೆ ಬರೀರಿ" ಅಂತ ತಾಯಿಯೇ ಹೇಳಿದ್ದಾರೆ. ನಾನು ಹಾಸನದಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ನೋಡುವ ಡಾಕ್ಟರು. ಶಿಶು ಘಟಕದಿಂದ ಕರೆ ಬಂದಾಗ ಹೋಗಿ ತಿಂಗಳು ತುಂಬದ ಮಕ್ಕಳ ಕಣ್ಣು ನೋಡುತ್ತೇನೆ. ಹುಡುಕುವುದು ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಅನ್ನುವ ಕಾಯಿಲೆ, ಬೇಗ ಹುಟ್ಟಿದ ಮಕ್ಕಳ ರೆಟಿನಾದಲ್ಲಿ ರಕ್ತನಾಳಗಳು ದಾರಿ ತಪ್ಪಿ ಬೆಳೆಯುವುದು. ಈ ಮಗುವಿನ ವಿಷಯದಲ್ಲಿ ಸರಿಯಾಗಿದ್ದೂ ಇದೆ, ತಪ್ಪಿದ್ದೂ ಇದೆ. ತಪ್ಪಿದ್ದರಲ್ಲಿ ಒಂದು ನನ್ನದೇ.

ಮೊದಲ ಮೂವತ್ತು ದಿನ

ಆ ಮೂವತ್ತು ದಿನಗಳ ಕಾಗದಗಳನ್ನು ನಾನು ಆಮೇಲೆ ಕೂತು ಓದಿದೆ. ಮೊದಲು ಕಣ್ಣಿಗೆ ಬಿದ್ದಿದ್ದು ಆಮ್ಲಜನಕದ ಪ್ರಮಾಣ. ಮೊದಲ ಎರಡು ದಿನ ಮಗುವಿನ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ನೂರಕ್ಕೆ 99, 100, 100, 98, 100. ನೋಡಿದವರಿಗೆಲ್ಲ ಸಮಾಧಾನ ಕೊಡುವ ಅಂಕಿ. ನಮ್ಮ ನಿಮ್ಮ ಬೆರಳಿಗೆ ಆ ಕ್ಲಿಪ್ ಹಾಕಿದಾಗ 99 ಬಂದರೆ ಖುಷಿಯೇ. ಆದರೆ ಆಮ್ಲಜನಕ ಕೊಡುತ್ತಿರುವ ಇಷ್ಟು ಚಿಕ್ಕ ಮಗುವಿಗೆ 90ರಿಂದ 95ರ ಒಳಗೆ ಇರಬೇಕು. ಗಾಳಿಯಲ್ಲಿ ಆಮ್ಲಜನಕ ಇರುವುದು ನೂರಕ್ಕೆ 21 ಭಾಗ. ಸಿಲಿಂಡರಿನಿಂದ ನೇರವಾಗಿ ಬರುವುದು ಪೂರ್ತಿ ಆಮ್ಲಜನಕ. ಎರಡನ್ನೂ ಬೇಕಾದಷ್ಟೇ ಬೆರೆಸುವ ಬ್ಲೆಂಡರ್ ಆಂಬುಲೆನ್ಸಿನಲ್ಲಿ ಇರಲಿಲ್ಲ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಆ ಹೊತ್ತಿಗೆ ಜೀವ ಉಳಿಸುವುದೇ ದೊಡ್ಡದಾಗಿತ್ತು, ಉಳಿಸಿದರು.

ಎರಡನೇ ವಾರ ಸೋಂಕು ಬಂತು. ಹಾಲು ನಿಲ್ಲಿಸಿದರು. ರಕ್ತ ಕೊಟ್ಟರು. 18ನೇ ದಿನದವರೆಗೂ ಆಮ್ಲಜನಕ ಬೇಕಾಯಿತು.

ಇನ್ನೊಂದು ಕಾಗದ ತೂಕದ ಚಾರ್ಟ್. 15ನೇ ದಿನ 970 ಗ್ರಾಂ, 21ನೇ ದಿನ 1010, 30ನೇ ದಿನ 1110. ಹುಟ್ಟಿದ ತೂಕಕ್ಕೆ ಮರಳಲು ಮಗುವಿಗೆ ನಾಲ್ಕು ವಾರ ಹಿಡಿದಿದೆ. ಸಾಮಾನ್ಯವಾಗಿ ಎರಡು ವಾರದಲ್ಲಿ ಆಗಬೇಕಾದ್ದು. ಚಾರ್ಟಿನ ಗೆರೆ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗಿದೆ. ಆ ಗೆರೆಯಲ್ಲೇ ಕಣ್ಣಿನ ಕಥೆಯೂ ಇತ್ತು. ಓದುವವರು ಬೇಕಿತ್ತು, ಅಷ್ಟೇ.

ಇಲ್ಲಿ ಸ್ವಲ್ಪ ನಿಂತು ಒಳಗೆ ಏನಾಗುತ್ತದೆ ಅಂತ ಹೇಳಬೇಕು.

ಕಣ್ಣಿನ ಹಿಂಭಾಗದ ರೆಟಿನಾಕ್ಕೆ ಮೊದಮೊದಲು ರಕ್ತನಾಳಗಳೇ ಇರುವುದಿಲ್ಲ. ಗರ್ಭದ 16ನೇ ವಾರದ ಹೊತ್ತಿಗೆ ಕಣ್ಣಿನ ನರದ ಬುಡದಿಂದ ಹೊರಟು ಅವು ಅಂಚಿನ ಕಡೆಗೆ ಹಬ್ಬುತ್ತವೆ. ಮೂಗಿನ ಕಡೆಯ ಅಂಚು ಮುಟ್ಟಲು ಸುಮಾರು 36 ವಾರ, ಕಿವಿಯ ಕಡೆಯ ಅಂಚು ಮುಟ್ಟಲು 40 ವಾರ. ಮುಂದೆ ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸುವುದು ವಿಇಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರ್, ಅಂದರೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನ್. ರೆಟಿನಾ ಬೆಳೆಯುತ್ತಾ ಹೋದ ಹಾಗೆ ಅಂಚಿನಲ್ಲಿ ಆಮ್ಲಜನಕ ಸಾಲದಾಗುತ್ತದೆ. ಆ ಜಾಗದ ಜೀವಕೋಶಗಳು ವಿಇಜಿಎಫ್ ಬಿಡುತ್ತವೆ. ರಕ್ತನಾಳ ಅತ್ತ ಬೆಳೆಯುತ್ತದೆ. ಗರ್ಭದಲ್ಲಿ ಮಗುವಿನ ರಕ್ತದಲ್ಲಿ ಆಮ್ಲಜನಕ ನಮಗಿಂತ ತೀರಾ ಕಡಿಮೆ ಇರುವುದರಿಂದ ಈ ಕೆಲಸ ಸಲೀಸಾಗಿ ನಡೆಯುತ್ತದೆ.

ಹೀಗೆ ಏನೋ ಒಂದು ಇರಲೇಬೇಕು ಅಂತ 1948ರಲ್ಲೇ ಕಣ್ಣಿನ ವೈದ್ಯ ಐಸಾಕ್ ಮೈಕಲ್‌ಸನ್ ಹೇಳಿದ್ದರು. ಆಮ್ಲಜನಕ ಸಾಲದ ರೆಟಿನಾದಿಂದ ಒಂದು ವಸ್ತು ಹೊರಟು ರಕ್ತನಾಳ ಬೆಳೆಸುತ್ತದೆ ಅನ್ನುವುದು ಅವರ ಊಹೆ. ಕೈಗೆ ಸಿಗದ ಆ ವಸ್ತುವಿಗೆ ಫ್ಯಾಕ್ಟರ್ ಎಕ್ಸ್ ಅನ್ನುವ ಹೆಸರು ನಿಂತಿತು. 1983ರಲ್ಲಿ ಹೆರಾಲ್ಡ್ ಡ್ವೊರಾಕ್ ತಂಡಕ್ಕೆ ರಕ್ತನಾಳ ಸೋರುವಂತೆ ಮಾಡುವ ಒಂದು ಪ್ರೋಟೀನ್ ಸಿಕ್ಕಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ತಂಡ ರಕ್ತನಾಳ ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿ ವಿಇಜಿಎಫ್ ಅಂತ ಹೆಸರಿಟ್ಟಿತು. ನೋಡಿದರೆ ಎರಡೂ ಒಂದೇ. ಬೆಳೆಸುವುದೂ ಅದೇ, ಸೋರಿಸುವುದೂ ಅದೇ.

ಈಗ 29 ವಾರಕ್ಕೆ ಹುಟ್ಟಿದ ಮಗುವನ್ನು ನೆನೆಸಿಕೊಳ್ಳಿ. ರಕ್ತನಾಳಗಳು ಅರ್ಧ ದಾರಿಯಲ್ಲಿವೆ. ಆಗ ಕೇಳದೇ ಇದ್ದಷ್ಟು ಆಮ್ಲಜನಕ ಬಂತು. ರೆಟಿನಾ ವಿಇಜಿಎಫ್ ಬಿಡುವುದನ್ನು ನಿಲ್ಲಿಸಿತು. ನಾಳಗಳು ನಿಂತಲ್ಲೇ ನಿಂತವು, ಎಳೆಯ ನಾಳಗಳು ಕೆಲವು ಒಣಗಿಯೂ ಹೋದವು. ಆದರೆ ರೆಟಿನಾ ಬೆಳೆಯುತ್ತಲೇ ಇರುತ್ತದೆ. ಕೆಲವು ವಾರ ಕಳೆದ ಮೇಲೆ ನಾಳ ಇಲ್ಲದ ಜಾಗಕ್ಕೆ ಆಮ್ಲಜನಕ ಸಾಲದೆ ವಿಇಜಿಎಫ್ ಒಮ್ಮೆಗೇ ಉಕ್ಕುತ್ತದೆ, ನಾಳಗಳು ದಾರಿ ತಪ್ಪಿ ಬೆಳೆಯುತ್ತವೆ. 1942ರಲ್ಲಿ ಟೆರ್ರಿ ಅನ್ನುವ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದರು. 1951ರಲ್ಲಿ ಆಸ್ಟ್ರೇಲಿಯಾದ ಕೇಟ್ ಕ್ಯಾಂಪ್‌ಬೆಲ್ ಇದಕ್ಕೂ ಜಾಸ್ತಿ ಆಮ್ಲಜನಕಕ್ಕೂ ನಂಟಿದೆ ಅಂತ ತೋರಿಸಿದರು. ಅಷ್ಟರೊಳಗೆ ಸಾವಿರಾರು ಮಕ್ಕಳು ಕಣ್ಣು ಕಳೆದುಕೊಂಡಿದ್ದರು. ಈಗ ಆರ್‌ಒಪಿ ಅನ್ನುವುದು ಇದಕ್ಕೇ.

ಆದರೆ ಆಮ್ಲಜನಕ ಒಂದೇ ಕಾರಣ ಆಗಿದ್ದರೆ ಅದನ್ನು ಹಿಡಿತದಲ್ಲಿಟ್ಟರೆ ಸಾಕಿತ್ತು, ಅಲ್ವಾ? ಸಾಕಾಗುವುದಿಲ್ಲ. ಇನ್ನೊಂದು ಗ್ರೋತ್ ಫ್ಯಾಕ್ಟರ್ ಇದೆ, ಐಜಿಎಫ್-1. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಇದರ ಮಟ್ಟ ಏರುತ್ತಾ ಹೋಗುತ್ತದೆ. ಬೇಗ ಹುಟ್ಟಿದ ಮಗುವಿನಲ್ಲಿ ತಟ್ಟನೆ ಕುಸಿಯುತ್ತದೆ. ಸ್ವೀಡನ್‌ನ ಆನ್ ಹೆಲ್‌ಸ್ಟ್ರೋಮ್, ಬೋಸ್ಟನ್‌ನ ಲೋಯಿಸ್ ಸ್ಮಿತ್ ಮತ್ತು ಜೊತೆಗಾರರು 2001ರಲ್ಲಿ ತೋರಿಸಿದ್ದು ಇದನ್ನೇ: ಐಜಿಎಫ್-1 ಒಂದು ಮಟ್ಟಕ್ಕೆ ಬರದಿದ್ದರೆ ವಿಇಜಿಎಫ್ ಇದ್ದರೂ ರಕ್ತನಾಳ ಸರಿಯಾಗಿ ಬೆಳೆಯುವುದಿಲ್ಲ. ಇದೇ ಐಜಿಎಫ್-1 ಮಗುವಿನ ಮೈ ಬೆಳವಣಿಗೆಗೂ ಬೇಕು. ಅಂದರೆ ತೂಕ ಏರದ ಮಗುವಿನಲ್ಲಿ ರೆಟಿನಾ ರಕ್ತನಾಳಗಳೂ ನಿಂತಿರುವ ಸಾಧ್ಯತೆ ಜಾಸ್ತಿ. ಪ್ರತಿ ದಿನ ಬೆಳಿಗ್ಗೆ ನರ್ಸ್ ತಕ್ಕಡಿಯಲ್ಲಿ ಇಡುವ ಮಗು ತನ್ನ ಕಣ್ಣಿನ ಸುದ್ದಿಯನ್ನೂ ಹೇಳುತ್ತಿರುತ್ತದೆ.

ಮೂವತ್ತನೇ ದಿನ

ಹುಟ್ಟಿದ 30 ದಿನದೊಳಗೆ ಕಣ್ಣು ನೋಡಿಸಬೇಕು ಅನ್ನುವ ಮಾತು ನಮ್ಮ ಶಿಶು ಘಟಕಗಳಲ್ಲಿ ಈಗ ಎಲ್ಲರಿಗೂ ಗೊತ್ತು. ಅದು ಸುಮ್ನೆ ಬಂದಿದ್ದಲ್ಲ. ಕರ್ನಾಟಕದಲ್ಲಿ 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುತ್ತಾ ಬಂದಿದೆ. ಅಂಥ ಕೆಲಸದಿಂದ ಬಂದ ಅರಿವು ಇದು. ಆದರೆ ನಿಯಮದ ಇನ್ನೊಂದು ಸಾಲು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. 28 ವಾರಕ್ಕಿಂತ ಮೊದಲು ಹುಟ್ಟಿದ, ಇಲ್ಲವೇ 1200 ಗ್ರಾಂಗಿಂತ ಕಡಿಮೆ ಇರುವ ಮಗುವನ್ನು ಎರಡರಿಂದ ಮೂರನೇ ವಾರದಲ್ಲೇ ನೋಡಬೇಕು. ನಮ್ಮ ಮಗು 1080 ಗ್ರಾಂ. ನನಗೆ ಕರೆ ಬಂದಿದ್ದು 30ನೇ ದಿನ, ಸರಿಯಾಗಿ. "ಟೈಮಿಗೆ ಕರೆದಿದ್ದೀವಿ ಸರ್" ಅಂದರು ಅಲ್ಲಿನವರು. ಅವರ ಮನಸ್ಸಿನಲ್ಲಿ ಅದು ನಿಜವೇ ಆಗಿತ್ತು.

ಕಣ್ಣಿನ ಪಾಪೆ ಹಿಗ್ಗಿಸಲು ಹನಿ ಹಾಕಿದ್ದರು. ಮೂರು ಸಲ ಹಾಕಿದರೂ ಪಾಪೆ ಅರ್ಧಕ್ಕೇ ನಿಂತಿತ್ತು. ಆಗಲೇ ನನಗೆ ದಿಗಿಲಾಯಿತು. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ವಿಇಜಿಎಫ್ ಉಕ್ಕಿದಾಗ ಅದು ಮುಂದಕ್ಕೂ ಬಂದು ಪಾಪೆಯ ಸುತ್ತಲಿನ ರಕ್ತನಾಳಗಳು ಉಬ್ಬುತ್ತವೆ. ಪಾಪೆ ಬಿಗಿಯಾಗುತ್ತದೆ. ನರ್ಸ್ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತಲೆ ಹಿಡಿದುಕೊಂಡರು. ನಾಲಿಗೆಗೆ ಸಕ್ಕರೆ ನೀರಿನ ಒಂದೆರಡು ತೊಟ್ಟು ಹಾಕಿದರು, ನೋವು ಕಡಿಮೆ ಆಗಲಿ ಅಂತ. ರೆಪ್ಪೆ ಬಿಡಿಸುವ ತಂತಿ ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಮಗು ಕಿರುಚಿತು. ಬಾಗಿಲ ಹೊರಗೆ ತಾಯಿ ಗೋಡೆಗೆ ಒರಗಿ ನಿಂತಿದ್ದರು.

ರಕ್ತನಾಳಗಳು ನರದ ಬುಡದ ಸುತ್ತಲೇ ನಿಂತಿದ್ದವು. ನಾಲ್ಕೂ ದಿಕ್ಕಿಗೆ ಉಬ್ಬಿ ಹಾವಿನ ಹಾಗೆ ಸುತ್ತಿಕೊಂಡಿದ್ದವು. ಅದರಾಚೆ ರೆಟಿನಾ ಬೂದು ಬಣ್ಣ, ಒಂದೂ ನಾಳ ಇಲ್ಲ. ಗಡಿಯಲ್ಲಿ ಚಪ್ಪಟೆಯಾಗಿ ಜೇಡರ ಬಲೆಯಂಥ ಹೊಸ ನಾಳಗಳು. ಸಾಮಾನ್ಯ ಆರ್‌ಒಪಿ ಒಂದೊಂದೇ ಹಂತ ದಾಟಿ ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಇದು ಹಂತ ಬಿಟ್ಟು ಓಡುವ ಜಾತಿ. ಎರಡೂ ಕಣ್ಣಿನಲ್ಲಿ. ಒಂದು ವಾರ ಬಿಟ್ಟರೂ ರೆಟಿನಾ ಕಿತ್ತು ಬರಬಹುದಿತ್ತು.

ತಂದೆಯನ್ನು ಕೂರಿಸಿ ಹೇಳಲು ಹೊರಟೆ. ಮೊದಲು ರಕ್ತನಾಳ ಬೆಳೆಸುವ ವಸ್ತು ಬೇಕಿದ್ದಾಗ ಬರಲಿಲ್ಲ, ಈಗ ಬೇಡದಾಗ ವಿಪರೀತ ಬಂದಿದೆ, ಅದಕ್ಕೆ ನಾಳಗಳು ದಾರಿ ಬಿಟ್ಟು ಎಲ್ಲೆಂದರಲ್ಲಿ ಬೆಳೆದಿವೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೂಮಳೆ ಮಾರ್ಚಲ್ಲಿ ಬರ್ದೆ, ಕಣದಲ್ಲಿ ಹಣ್ಣು ಹರವಿದ್ಮೇಲೆ ಬಂದಂಗೆ" ಅಂದರು. ಈಗ ನಾನು ಮಲೆನಾಡಿನ ಯಾವ ತಂದೆ ತಾಯಿಗೆ ಹೇಳಬೇಕಾದರೂ ಅವರ ಈ ಮಾತನ್ನೇ ಬಳಸುತ್ತೇನೆ.

ಲೇಸರೋ ಇಂಜೆಕ್ಷನ್ನೋ

ಇಲ್ಲಿ ನಿರ್ಧಾರ ಸುಲಭದ್ದಾಗಿರಲಿಲ್ಲ.

ಲೇಸರ್ ಹಳೆಯ, ನಂಬಿಕೆಯ ದಾರಿ. ಆಮ್ಲಜನಕ ಸಿಗದೆ ವಿಇಜಿಎಫ್ ಬಿಡುತ್ತಿರುವ ರೆಟಿನಾವನ್ನು ಸುಟ್ಟುಬಿಟ್ಟರೆ ಬಿಡುವವರೇ ಇಲ್ಲದಾಗುತ್ತಾರೆ. ಒಂದು ಸಲ ಸರಿಯಾಗಿ ಮಾಡಿದರೆ ಕಾಯಿಲೆ ಮರುಕಳಿಸುವುದು ಅಪರೂಪ. ಆದರೆ ಈ ಮಗುವಿನಲ್ಲಿ ರಕ್ತನಾಳ ಇದ್ದ ಜಾಗವೇ ಚಿಕ್ಕದು. ಉಳಿದಿದ್ದನ್ನೆಲ್ಲ ಸುಟ್ಟರೆ ಅಂಚಿನ ನೋಟ ಬಹಳಷ್ಟು ಹೋಗುತ್ತದೆ. ಮುಂದೆ ದೊಡ್ಡ ಮೈನಸ್ ನಂಬರಿನ ಕನ್ನಡಕ ಬರುವ ಸಾಧ್ಯತೆಯೂ ಜಾಸ್ತಿ. ಪಾಪೆ ಬೇರೆ ಹಿಗ್ಗುತ್ತಿಲ್ಲ.

ಇಂಜೆಕ್ಷನ್ ಬೇರೆ ದಾರಿ. ವಿಇಜಿಎಫನ್ನೇ ಹಿಡಿದು ಕಟ್ಟಿಹಾಕುವ ಔಷಧಿ. ಕರುಳಿನ ಕ್ಯಾನ್ಸರಿಗೆ ಬಂದ ಬೆವಾಸಿಜುಮ್ಯಾಬ್ ಇಂಥ ಮಕ್ಕಳಲ್ಲಿ, ಅದರಲ್ಲೂ ನಾಳಗಳು ತೀರಾ ಹಿಂದೆ ನಿಂತಿರುವವರಲ್ಲಿ ಲೇಸರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 2011ರಲ್ಲಿ ಬೀಟ್-ಆರ್‌ಒಪಿ ಅಧ್ಯಯನ ತೋರಿಸಿತು. ಆದರೆ ಕಣ್ಣಿಗೆ ಹಾಕಿದ ಔಷಧಿ ಕಣ್ಣಲ್ಲೇ ಉಳಿಯುವುದಿಲ್ಲ, ರಕ್ತಕ್ಕೂ ಇಳಿಯುತ್ತದೆ. ಬೆವಾಸಿಜುಮ್ಯಾಬ್ ಪೂರ್ತಿ ಆಂಟಿಬಾಡಿ, ರಕ್ತದಲ್ಲಿ ವಾರಗಟ್ಟಲೆ ಇರುತ್ತದೆ. ಈ ಮಗುವಿನ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಎಲ್ಲವೂ ಇನ್ನೂ ಬೆಳೆಯಬೇಕು. ಅವಕ್ಕೂ ವಿಇಜಿಎಫ್ ಬೇಕು. ಕಣ್ಣಿನ ಶತ್ರು ಅಂತ ಪೂರ್ತಿ ಓಡಿಸಲು ಆಗುವುದಿಲ್ಲ. ರಾನಿಬಿಜುಮ್ಯಾಬ್ ಆಂಟಿಬಾಡಿಯ ಒಂದು ತುಂಡು ಮಾತ್ರ. ರಕ್ತದಿಂದ ಬೇಗ ಹೊರಟುಹೋಗುತ್ತದೆ. ಯುರೋಪಿನಲ್ಲಿ 2019ರಲ್ಲೇ ಆರ್‌ಒಪಿಗೆ ಒಪ್ಪಿಗೆ ಪಡೆದ ಔಷಧಿ. ಇದರ ತೊಂದರೆ ಅಂದರೆ ಪರಿಣಾಮ ಬೇಗ ಇಳಿಯುತ್ತದೆ. ಕಾಯಿಲೆ ಮರಳಬಹುದು. ವಾರ ತಪ್ಪದೆ ನೋಡುತ್ತಿರಬೇಕು.

ಎರಡನೇ ವಾರ ಸೋಂಕಿನಿಂದ ಎದ್ದ ಮಗು. ನಾನು ರಾನಿಬಿಜುಮ್ಯಾಬ್ ಆರಿಸಿದೆ. ಮರಳುವ ಅಪಾಯವನ್ನು ತಂದೆಗೆ ಹೇಳಿ ಸಹಿ ತೆಗೆದುಕೊಂಡೆ. ಮರುದಿನ ಬೆಳಿಗ್ಗೆ ಎರಡೂ ಕಣ್ಣಿಗೆ ಹಾಕಿದೆ, ಒಂದೊಂದಕ್ಕೆ 0.2 ಮಿಲಿಗ್ರಾಂ. ಅಂದರೆ 0.02 ಮಿಲಿಲೀಟರ್, ಒಂದು ಹನಿಯ ಅರ್ಧಕ್ಕಿಂತ ಕಡಿಮೆ. ದೊಡ್ಡವರಲ್ಲಿ ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ಹಿಂದೆ ಚುಚ್ಚುತ್ತೇವೆ. ಇಷ್ಟು ಎಳೆಯ ಕಣ್ಣಿನಲ್ಲಿ ಅಷ್ಟು ಹಿಂದೆ ಹೋದರೆ ರೆಟಿನಾಕ್ಕೇ ತಾಗುತ್ತದೆ. ಒಂದು, ಒಂದೂವರೆ ಮಿಲಿಮೀಟರ್ ಅಷ್ಟೇ. ಮಗುವಿನ ಮಸೂರವೂ ಕಣ್ಣಿಗೆ ಹೋಲಿಸಿದರೆ ದೊಡ್ಡದು. ಅದಕ್ಕೆ ತಾಗದ ಹಾಗೆ ಸೂಜಿಯನ್ನು ನೇರ ಹಿಂದಕ್ಕೆ ಇಳಿಸಬೇಕು. ಹತ್ತು ಸೆಕೆಂಡಿನ ಕೆಲಸ. ಮುಗಿದಾಗ ಕೈ ಬೆವತಿತ್ತು.

ನಾಲ್ಕನೇ ದಿನ ನೋಡಿದಾಗ ಪಾಪೆ ಪೂರ್ತಿ ತೆರೆಯಿತು. ಒಂದು ವಾರಕ್ಕೆ ಸುತ್ತಿಕೊಂಡಿದ್ದ ನಾಳಗಳು ನೆಟ್ಟಗಾಗಿದ್ದವು. ಬಲೆಯಂಥ ನಾಳಗಳು ಮಾಯ. ಮೂರನೇ ವಾರಕ್ಕೆ ಸರಿಯಾದ ನಾಳಗಳು ಹಳೆಯ ಗಡಿ ದಾಟಿ ಬೂದು ಜಾಗಕ್ಕೆ ಕಾಲಿಟ್ಟವು. ಅಷ್ಟರಲ್ಲಿ ಸೋಂಕು ಪೂರ್ತಿ ಇಳಿದಿತ್ತು, ತಾಯಿಯ ಹಾಲು ದಕ್ಕುತ್ತಿತ್ತು, ದಿನಕ್ಕೆ ಎಷ್ಟೋ ಗಂಟೆ ಮಗು ತಾಯಿಯ ಎದೆಯ ಮೇಲೆ ಕಾಂಗರೂ ಆರೈಕೆಯಲ್ಲಿ ಇರುತ್ತಿತ್ತು. ಮೇ ಮಧ್ಯಕ್ಕೆ 1610 ಗ್ರಾಂ ಆಗಿ ಮನೆಗೆ ಹೋಯಿತು. ತೂಕದ ಗೆರೆ ಮೇಲೆದ್ದ ವಾರವೇ ನಾಳಗಳೂ ಮುಂದಕ್ಕೆ ಹೊರಟಿದ್ದವು. ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ನನಗೆ ಈಗಲೂ ನೆನಪಿದೆ.

ನಾನು ಆಡಿದ ಒಂದು ಮಾತು

ಜೂನ್ ಮೊದಲ ವಾರ ನೋಡಿದಾಗ ನಾಳಗಳು ಮಧ್ಯದ ವಲಯದವರೆಗೆ ಬಂದಿದ್ದವು. ಉಬ್ಬು ಇಲ್ಲ, ಸೋರಿಕೆ ಇಲ್ಲ. ಅಂಚಿನಲ್ಲಿ ಇನ್ನೂ ಖಾಲಿ ಜಾಗ ಇತ್ತು. ನಾನು ತಾಯಿಗೆ ಹೇಳಿದ್ದು: "ಕಣ್ಣು ಚೆನ್ನಾಗಿದೆ. ಎರಡು ವಾರ ಬಿಟ್ಟು ಬನ್ನಿ."

ಮೊದಲ ವಾಕ್ಯ ಅವರ ಜೊತೆ ಮನೆಗೆ ಹೋಯಿತು. ಎರಡನೆಯದು ಅಲ್ಲೇ ಉಳಿಯಿತು.

ಇದರಲ್ಲಿ ಅವರ ತಪ್ಪಿಲ್ಲ. ಮಗು ದೀಪದ ಕಡೆ ನೋಡುತ್ತಿತ್ತು. ಅಜ್ಜಿ ಕಾಡಿಗೆ ಹಚ್ಚಬೇಕು ಅಂದಾಗ ಡಾಕ್ಟರು ಬೇಡ ಅಂದಿದ್ದಾರೆ ಅಂತ ತಾಯಿ ತಡೆದಿದ್ದರು. ಅಷ್ಟು ಪಾಲಿಸುವ ಮನೆ. ಡಾಕ್ಟರೇ ಚೆನ್ನಾಗಿದೆ ಅಂದ ಮೇಲೆ, ಜೂನ್ ಮಳೆಯಲ್ಲಿ ಎರಡೂವರೆ ಕೇಜಿಯೂ ತುಂಬದ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಯಾಕೆ ಬರಬೇಕು? ನಾನು ಹೇಳಬೇಕಾಗಿದ್ದು ಬೇರೆ. "ಔಷಧಿ ಕಾಯಿಲೆಯನ್ನು ಮಲಗಿಸಿದೆ. ಅಂಚಿನ ಖಾಲಿ ಜಾಗ ಹಾಗೇ ಇದೆ. ಔಷಧಿ ಇಳಿದ ಮೇಲೆ ಅದು ಮತ್ತೆ ಏಳಬಹುದು, ಅದೂ ಜೂನ್ ಜುಲೈನಲ್ಲಿ." ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು.

ಮಧ್ಯ ಜೂನ್‌ನಲ್ಲಿ ಬರಲಿಲ್ಲ. ಫೋನು ಸಿಗಲಿಲ್ಲ, ಲೈನ್ ಮನೆ ಕಡೆ ಮಳೆಗಾಲದಲ್ಲಿ ಸಿಗ್ನಲ್ ಹೋದರೆ ವಾರಗಟ್ಟಲೆ ಹೋದಂಗೇ. ಇನ್ನೊಂದು ವಾರ ಕಾದು ಆ ಭಾಗದ ಆಶಾ ಕಾರ್ಯಕರ್ತೆಯನ್ನು ಹುಡುಕಿಸಿದೆವು. ಆಕೆ ಛತ್ರಿ ಹಿಡಿದು ತೋಟಕ್ಕೆ ನಡೆದು ಹೋದರು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ತಾಯಿ ಮಗು ಜೊತೆ ಆಕೆಯೂ ಬಂದರು. ಜುಲೈ ಮೊದಲ ವಾರ ಅದು. ನಾಲ್ಕು ವಾರ ಆಗಿಹೋಗಿತ್ತು.

ಕಾಯಿಲೆ ಮರಳಿತ್ತು. ಬಲಗಣ್ಣಿನಲ್ಲಿ ಗಡಿಯ ಉದ್ದಕ್ಕೂ ದಿಬ್ಬ, ನಾಳಗಳು ಮತ್ತೆ ಉಬ್ಬಲು ಶುರು. ಎಡಗಣ್ಣಿನಲ್ಲಿ ಇನ್ನೂ ಮುಂದೆ ಹೋಗಿ ದಿಬ್ಬದ ಮೇಲೆ ಹೊಸ ನಾಳಗಳ ಜೊತೆ ಬಿಳಿ ನಾರು ಕಾಣುತ್ತಿತ್ತು.

ಮತ್ತೆ ಇಂಜೆಕ್ಷನ್ ಕೊಡಬಹುದಲ್ವಾ ಅಂತ ಜೊತೆಯ ಕಿರಿಯ ವೈದ್ಯೆ ಕೇಳಿದರು. ಒಳ್ಳೆಯ ಪ್ರಶ್ನೆ. ಬೇಡ ಅಂದಿದ್ದಕ್ಕೆ ಮುಖ್ಯ ಕಾರಣ ಆ ಬಿಳಿ ನಾರು. ರಕ್ತನಾಳ ಬೆಳೆಸುವುದು ವಿಇಜಿಎಫ್ ಆದರೆ, ನಾರು ಕಟ್ಟಿಸುವುದಕ್ಕೆ ಟಿಜಿಎಫ್-ಬೀಟಾದಂಥ ಬೇರೆ ಗ್ರೋತ್ ಫ್ಯಾಕ್ಟರ್‌ಗಳಿವೆ. ನಾರು ಕಟ್ಟಿದ ಕಣ್ಣಿನಲ್ಲಿ ವಿಇಜಿಎಫನ್ನು ಒಮ್ಮೆಗೇ ಇಳಿಸಿದರೆ ತಕ್ಕಡಿ ನಾರಿನ ಕಡೆ ವಾಲುತ್ತದೆ. ಅದು ಬಿಗಿದು ರೆಟಿನಾವನ್ನು ಎಳೆಯಬಹುದು. ಸಕ್ಕರೆ ಕಾಯಿಲೆಯ ಕಣ್ಣುಗಳಲ್ಲಿ ಇದನ್ನು ನಾವು ಕಂಡಿದ್ದೇವೆ. ಇನ್ನೊಂದು ಕಾರಣ ಮಳೆಗಾಲ. ಮುಂದಿನ ಎರಡು ತಿಂಗಳು ವಾರ ವಾರ ಬನ್ನಿ ಅನ್ನುವುದು ಈ ಮನೆಗೆ ಆಗದ ಮಾತು. ಈಗ ನಾಳಗಳು ಸಾಕಷ್ಟು ಮುಂದೆ ಬಂದಿದ್ದರಿಂದ ಸುಡಬೇಕಾದ ಜಾಗ ಏಪ್ರಿಲ್‌ನಲ್ಲಿ ಇದ್ದಿದ್ದಕ್ಕಿಂತ ಎಷ್ಟೋ ಕಡಿಮೆ. ಆ ಇಂಜೆಕ್ಷನ್ ಅಷ್ಟು ನೋಟವನ್ನು ಉಳಿಸಿಕೊಟ್ಟಿತ್ತು.

ಅರಿವಳಿಕೆ ವೈದ್ಯರನ್ನು ಪಕ್ಕದಲ್ಲಿಟ್ಟುಕೊಂಡು ಅವತ್ತೇ ಲೇಸರ್ ಮಾಡಿದೆವು. ಎರಡೂ ಕಣ್ಣಿಗೆ ಸೇರಿ ಎರಡು ಗಂಟೆ ಹಿಡಿಯಿತು. ತಾಯಿಯನ್ನು ಆಶಾ ಕಾರ್ಯಕರ್ತೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಬಲವಂತವಾಗಿ ಒಂದು ಇಡ್ಲಿ ತಿನ್ನಿಸಿದರಂತೆ.

ಆಮೇಲೆ

ಬಲಗಣ್ಣು ಎರಡು ವಾರದಲ್ಲಿ ಶಾಂತವಾಯಿತು. ಎಡಗಣ್ಣಿನ ನಾಳಗಳೂ ಇಳಿದವು, ಆದರೆ ನಾರು ಒಣಗುವಾಗ ರೆಟಿನಾದ ನಡುಭಾಗವನ್ನು ಸ್ವಲ್ಪ ಕಿವಿಯ ಕಡೆಗೆ ಎಳೆಯಿತು. ಕಿತ್ತು ಬರಲಿಲ್ಲ. ಆ ನಾಲ್ಕು ವಾರದ ಅಂತರ ಬೀಳದೇ ಇದ್ದಿದ್ದರೆ ಎಡಗಣ್ಣೂ ಬಲಗಣ್ಣಿನ ಹಾಗೇ ಇರುತ್ತಿತ್ತು ಅಂತ ನನ್ನ ನಂಬಿಕೆ.

ಒಂದು ವರ್ಷಕ್ಕೆ ಕನ್ನಡಕ ಬಂತು. ಬಲಕ್ಕೆ ಮೈನಸ್ ಎರಡೂವರೆ, ಎಡಕ್ಕೆ ಮೈನಸ್ ಆರು. ಎಡಗಣ್ಣು ಸೋಮಾರಿಯಾಗದ ಹಾಗೆ ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪ್ಯಾಚ್ ಹಾಕುತ್ತಾರೆ. ಮಗು ಕಿತ್ತು ಹಾಕುತ್ತದೆ, ತಾಯಿ ಮತ್ತೆ ಅಂಟಿಸುತ್ತಾರೆ. ಈಗ ನಡೆಯುತ್ತಾನೆ. ಚಾಪೆ ಮೇಲೆ ಬಿದ್ದ ಒಂದು ಕಾಫಿ ಬೀಜವನ್ನು ಎರಡು ಬೆರಳಲ್ಲಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾನೆ ಅಂತ ಅಜ್ಜಿ ದೂರು ಹೇಳಿದರು. ನನಗೆ ಅಷ್ಟು ಸಂತೋಷ ಕೊಟ್ಟ ದೂರು ಬೇರೆ ಇಲ್ಲ.

ಆ ಶಿಶು ಘಟಕದಲ್ಲಿ ಒಂದೆರಡು ಬದಲಾವಣೆ ಆಗಿದೆ. 1200 ಗ್ರಾಂಗಿಂತ ಕಡಿಮೆ ಇರುವ ಮಗು ಬಂದರೆ ಕೇಸ್ ಶೀಟಿನ ಮೊದಲ ಪುಟದಲ್ಲೇ ಕಣ್ಣು ನೋಡಬೇಕಾದ ದಿನಾಂಕವನ್ನು ಕೆಂಪು ಇಂಕಿನಲ್ಲಿ ಬರೆಯುತ್ತಾರೆ. ಎರಡು ವಾರ ಕಳೆದರೂ ಹುಟ್ಟಿದ ತೂಕಕ್ಕೆ ಬರದ ಮಗು ಇದ್ದರೆ ನರ್ಸ್ ನನಗೆ ನೇರವಾಗಿ ಫೋನ್ ಮಾಡುತ್ತಾರೆ, ಡಾಕ್ಟರ ಚೀಟಿಗೆ ಕಾಯುವುದಿಲ್ಲ. ನಾನೂ ಇಂಜೆಕ್ಷನ್ ಆದ ಮಗುವಿನ ತಾಯಿಗೆ "ಚೆನ್ನಾಗಿದೆ" ಅನ್ನುವುದನ್ನು ಬಿಟ್ಟಿದ್ದೇನೆ. "ಮಲಗಿದೆ, ಎದ್ದರೂ ಏಳಬಹುದು, ಇಂಥ ದಿನ ಬನ್ನಿ" ಅನ್ನುತ್ತೇನೆ. ಆಮೇಲೆ ನಾನು ಹೇಳಿದ್ದನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ.

ಹೋದ ಸಲ ಈ ತಾಯಿ ಬಂದಾಗ ನಾನು ಇನ್ನೂ ಲೆನ್ಸ್ ಕೆಳಗಿಟ್ಟಿರಲಿಲ್ಲ. ಅವರು ಆಗಲೇ ಚೀಲದಿಂದ ಮಡಚಿದ ತಾಯಿ ಕಾರ್ಡ್ ತೆಗೆದು, ಪೆನ್ನು ಮುಂದೆ ಹಿಡಿದು ಕೇಳಿದರು, "ಮತ್ತೆ ಯಾವತ್ತು, ಸರ್?"